ಒಂದು ಲ್ಯಾನ್ಸೆಟ್ ಪೇಪರ್, ಒಂದು ವಾಟ್ಸಾಪ್ ಚಿತ್ರ: ನನ್ನ ಅನುಭವ

"ರಿಸರ್ಚ್ ಪೇಪರನ್ನು ವಾಟ್ಸಾಪ್ ಚಿತ್ರ ಮಾಡಿದರೆ ಯಾರು ನೋಡ್ತಾರೆ ಮಾರಾಯ್ರೆ" ಎಂದು ನಕ್ಕಿದ್ದ ನಮ್ಮ ವಿಭಾಗದ ಹಿರಿಯರೊಬ್ಬರು ಮೊನ್ನೆ ನನ್ನದೇ ಚಿತ್ರವನ್ನು ನನಗೆ ಫಾರ್ವರ್ಡ್ ಮಾಡಿದರು. ಅಡಿಯಲ್ಲಿ "ಒಳ್ಳೇದುಂಟು, ನೋಡಿ" ಅಂತ ಬೇರೆ! ಇನ್ನು ಬರೆಯಬಹುದು ಅನ್ನಿಸಿತು.

ವಿಷುವಲ್ ಅಬ್‌ಸ್ಟ್ರಾಕ್ಟ್ ಅಂದರೆ ಒಂದು ರಿಸರ್ಚ್ ಪೇಪರಿನ ಸಾರವನ್ನು ಒಂದೇ ಚಿತ್ರದಲ್ಲಿ ಹೇಳುವುದು. 2016ರಲ್ಲಿ ಮಿಷಿಗನ್‌ನ ಸರ್ಜನ್ ಆಂಡ್ರ್ಯೂ ಇಬ್ರಾಹಿಂ ಶುರು ಮಾಡಿದ್ದು. ಮರುವರ್ಷ ಅವರ ತಂಡ 44 ಲೇಖನ ಇಟ್ಟುಕೊಂಡು ಪರೀಕ್ಷೆ ಮಾಡಿತು. ಬರೀ ಶೀರ್ಷಿಕೆಯ ಟ್ವೀಟ್‌ಗಿಂತ ಚಿತ್ರ ಇದ್ದದ್ದಕ್ಕೆ ಎಂಟು ಪಟ್ಟಿಗೂ ಜಾಸ್ತಿ ರೀಟ್ವೀಟ್ ಸಿಕ್ಕಿತು. ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಲೇಖನ ತೆರೆದು ನೋಡಿದ್ದು ಏರಿದ್ದು 2.7 ಪಟ್ಟು ಮಾತ್ರ. ನನಗೆ ಬೇಕಾದದ್ದು ಆ ಅಂಕಿ. ಹೆಚ್ಚಿನವರು ಚಿತ್ರದಲ್ಲೇ ನಿಲ್ಲುತ್ತಾರೆ, ಹಾಗಾಗಿ ಚಿತ್ರದಲ್ಲಿ ಇಲ್ಲದ್ದು ಅವರ ಪಾಲಿಗೆ ಇಲ್ಲ.

ಚಿತ್ರಕ್ಕೆ ನಾನು ಹಿಡಿದದ್ದು ಮಂಗಳೂರು ಹತ್ತಿರದ ನಮ್ಮ ದೇರಳಕಟ್ಟೆಯ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ರೇಷನ್ಸ್ ಅಧ್ಯಯನ. ಮನೆಯವರಿಗೆ ಆಹಾರ ಕೊಟ್ಟರೆ ಟಿಬಿ ತಡೆಯಬಹುದಾ ಎಂದು ನೋಡಿದ್ದು. 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲಸ ನಡೆದದ್ದು ಜಾರ್ಖಂಡ್‌ನಲ್ಲಿ, 2,800 ಟಿಬಿ ರೋಗಿಗಳ ಮನೆಯ 10,345 ಮಂದಿಯ ಮೇಲೆ. ಎರಡು ಗುಂಪು ಮಾಡಿ, ರೋಗಿಗೆ ಎರಡರಲ್ಲೂ ಆಹಾರ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ, ದೊಡ್ಡವರಾದರೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಕೊಟ್ಟರು. ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು.

ಮೊದಲ ಚಿತ್ರಕ್ಕೆ ಪೇಟೆಯ ಒಬ್ಬ ಡಿಸೈನರ್ ಸಾವಿರದ ಐನೂರೋ ಎರಡು ಸಾವಿರವೋ ತೆಗೆದುಕೊಂಡ. ಅಡ್ಡಕ್ಕೆ ಮೂರು ಕಾಲಂ, ಮಧ್ಯೆ ಸ್ಟೆತಸ್ಕೋಪ್ ಹಾಕಿದ ಫಾರಿನ್ ಡಾಕ್ಟರ್. ಫೋನಿನಲ್ಲಿ ಅಕ್ಷರ ಸಾಸಿವೆಯಷ್ಟು. ಒತ್ತಕ್ಷರ ಎಲ್ಲ ಹಾರಿ ಹೋಗಿತ್ತು, ಫೋಟೋಶಾಪಿನಲ್ಲಿ ಕನ್ನಡ ಹಾಕಿದರೆ ಹೀಗಾಗುವುದುಂಟು. ಅದನ್ನೇ ಫೇಸ್‌ಬುಕ್‌ನಲ್ಲಿ ಬೂಸ್ಟ್ ಮಾಡಲು ಮತ್ತೆ ಮೂರು ನಾಲ್ಕು ಸಾವಿರ. ಲೈಕ್ ಬಂತು, ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನಮ್ಮ ತಾಲೂಕಿನವರು ಬೆರಳೆಣಿಕೆ. ಆಮೇಲೆ ಪವರ್‌ಪಾಯಿಂಟ್‌ನಲ್ಲಿ ಉದ್ದ ಸ್ಲೈಡ್ ಮಾಡಿ, ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನ ದಪ್ಪಕ್ಷರ ಹಾಕಿ ನಾನೇ ಕೂತೆ. ಖರ್ಚು ಸೊನ್ನೆ.

ಜಾಸ್ತಿ ಸತಾಯಿಸಿದ್ದು ಆ 39%. ಆಶಾ ಕಾರ್ಯಕರ್ತೆಯರಿಗೆ ತೋರಿಸಿದರೆ ಒಬ್ಬರು "ನೂರರಲ್ಲಿ 39 ಜನಕ್ಕೆ ಬರ್ತದಾ ಸಾರ್?" ಎಂದರು. ಶೇಕಡಾ ತೆಗೆದು ಹತ್ತು ಮನುಷ್ಯರ ಗೊಂಬೆ ಹಾಕಿದೆ. ಆಗ "ಹತ್ತು ಜನ ಇರುವ ಮನೆಯಾ?" ಅಂತ ಬಂತು. ಕೊನೆಗೆ ನಿಂತ ವಾಕ್ಯ: "ಟಿಬಿ ಬರಬೇಕಿದ್ದ 10 ಮಂದಿಯಲ್ಲಿ ಸುಮಾರು 4 ಮಂದಿಗೆ ಬರಲಿಲ್ಲ." ನಾಲ್ಕು ಗೊಂಬೆಗಳ ಬಣ್ಣ ಬೇರೆ. ಯಾವ ಬಣ್ಣ, ಯಾಕೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಅಕ್ಕಿಯದ್ದೂ ತಕರಾರು. ಬಿಳಿ ಅನ್ನದ ಚಿತ್ರ ನೋಡಿ "ಬೆಳ್ತಿಗೆಯೇ ಆಗಬೇಕಾ, ಕುಚ್ಚಲು ಆಗುವುದಿಲ್ವಾ?" ಎಂದು ಕೇಳಿದರು. ಬಾಯಿ ಕಟ್ಟಿದ ಗೋಣಿ ಬರೆದು ಮೇಲೆ "ಅಕ್ಕಿ" ಅಂತ ಹಾಕಿದೆ, ಪ್ರಶ್ನೆ ನಿಂತಿತು. ಕ್ಯೂಆರ್ ಕೋಡ್ ಹಾಕಬೇಡಿ. ತನ್ನ ಫೋನಿನಲ್ಲಿರುವ ಚಿತ್ರಕ್ಕೆ ಅದೇ ಫೋನ್ ಹಿಡಿಯುವುದು ಹೇಗೆ? ಲಿಂಕನ್ನು ಕ್ಯಾಪ್ಷನ್‌ನಲ್ಲಿ ಕೊಡಿ. ಪತ್ರಿಕೆಯ ಗ್ರಾಫ್ ಕತ್ತರಿಸಿ ಅಂಟಿಸಬೇಡಿ, ಹೆಚ್ಚಾಗಿ ಅದು ಅವರ ಹಕ್ಕಿನದ್ದು. ಸುಮ್ನೆ ತುಳುವಿನಲ್ಲೂ ಒಂದು ಮಾಡಿ ನೋಡಿದೆ. ಓದಿದವರು ಕಡಿಮೆ. ಅದೇ ಮಾತನ್ನು ಮುಕ್ಕಾಲು ನಿಮಿಷದ ತುಳು ಆಡಿಯೋ ಮಾಡಿ ಚಿತ್ರದ ಹಿಂದೆ ಕಳಿಸಿದರೆ ಓಡುತ್ತದೆ, ಮೀನು ಮಾರುವ ಅಕ್ಕಂದಿರ ಗುಂಪಿಗೂ ಮುಟ್ಟಿತು. ಚಿತ್ರ ಹೋದ ವಾರದೊಳಗೆ ಮೂಲ್ಕಿ ಕಡೆಯ ಯುವಕ ಮಂಡಲದವರು ಫೋನ್ ಮಾಡಿ ನಿಕ್ಷಯ್ ಮಿತ್ರ (ಟಿಬಿ ರೋಗಿಗಳಿಗೆ ಆಹಾರದ ನೆರವು ಕೊಡುವವರು) ಆಗುವುದು ಹೇಗೆ ಎಂದು ಕೇಳಿದರು. ನನಗೆ ಲೈಕಿಗಿಂತ ಅದು ದೊಡ್ಡದು.

ಆಮೇಲೆ ಬಿಪಿಯ ಸ್ಪ್ರಿಂಟ್ ಅಧ್ಯಯನಕ್ಕೆ ಕೈ ಹಾಕಿದೆ. 2015ರದ್ದು, 9,361 ಮಂದಿ. ಮೇಲಿನ ಬಿಪಿ 140ರ ಬದಲು 120ರ ಕೆಳಗೆ ಇಟ್ಟರೆ ಹೃದಯದ ತೊಂದರೆ 25% ಕಡಿಮೆ ಅಂತ ಹಾಕಬಹುದಿತ್ತು, ಜನ ಹಬ್ಬಿಸುತ್ತಿದ್ದರು ಕೂಡ. ನಾನು ಹಾಕಿದ್ದು ನೂರು ಚುಕ್ಕಿ: ಮೂರು ಚಿಲ್ಲರೆ ವರ್ಷಗಳಲ್ಲಿ ತೊಂದರೆ ಆದವರು 140ರ ಕಡೆ ಸುಮಾರು 7, 120ರ ಕಡೆ 5. ಬಿಪಿ ತೀರಾ ಇಳಿಯುವುದು, ಪ್ರಜ್ಞೆ ತಪ್ಪುವುದು, ಕಿಡ್ನಿ ತೊಂದರೆ ಜಾಸ್ತಿ ಆದದ್ದನ್ನು ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಕೊಟ್ಟೆ. ಅಡಿಯಲ್ಲಿ ಹಳದಿ ಪಟ್ಟಿ: "ಶುಗರ್ ಇರುವವರು ಈ ಅಧ್ಯಯನದಲ್ಲಿ ಇರಲಿಲ್ಲ." ಮನೆಗೊಬ್ಬರು ಶುಗರ್‌ನವರು ಇರುವ ಊರಿನಲ್ಲಿ ಆ ಸಾಲು ಬಿಟ್ಟರೆ ನಾಳೆ ಯಾರೋ ಮಾತ್ರೆ ತಾವೇ ಏರಿಸಿಕೊಳ್ಳುತ್ತಾರೆ. ಚಂದ ಕೆಡುತ್ತದೆ ಅಂದ ಗೆಳೆಯರಿಗೆ ಕೆಡಲಿ ಎಂದೆ.

ಈಗ ಟೆಂಪ್ಲೇಟ್ ಕೇಳುವವರು ಜಾಸ್ತಿ. ಬಿಪಿಯದ್ದು ಯಾರಿಗೆ ಬೇಕಾದರೂ ಕೊಡುತ್ತೇನೆ, ಹಳದಿ ಪಟ್ಟಿ ತೆಗೆಯುವುದಿಲ್ಲ ಅಂತ ಒಪ್ಪಿದರೆ. ಟಿಬಿಯದ್ದು ಸದ್ಯಕ್ಕಿಲ್ಲ, ಅದರ ಬ್ಯಾರಿ ಭಾಷೆಯ ಆಡಿಯೋ ಇನ್ನೂ ಮುಗಿದಿಲ್ಲ.