ತಿಪ್ಪೆಯ ಘಾಟು ಕಡಿಮೆ ಮಾಡಿದ ಬಗೆ

ಬೇಸಿಗೆಯಲ್ಲಿ ತಿಪ್ಪೆ ಕೆದಕಿದರೆ ಮೂಗಿಗೆ ಹೊಡೆಯುವ ಘಾಟು ಅಮೋನಿಯಾದ್ದು. ಹೊಲಕ್ಕೆ ಸೇರಬೇಕಾದ ಸಾರಜನಕ ಹಾಗೆ ಗಾಳಿಪಾಲಾಗುತ್ತದೆ. ಶ್ರೀನಿವಾಸಪುರದ ಕಡೆ ನಮ್ಮದು ಮಾವು, ರಾಗಿ, ಜೊತೆಗೆ ಸೀಮೆಹಸುಗಳು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಎಲ್ಲರ ಮನೆಯಲ್ಲೂ ಇರುತ್ತದೆ, ಹರಿದುಹೋದ ಗಂಜಲದ ಲೆಕ್ಕ ಇರುವುದಿಲ್ಲ. ನಾನು ಹಿಡಿದದ್ದು ಗಂಜಲವನ್ನೇ.

ಗಂಜಲದಲ್ಲಿರುವುದು ಅಂಗಡಿಯ ಚೀಲದಲ್ಲಿ ಬರುವ ಅದೇ ಯೂರಿಯಾ. ಸಗಣಿಯಲ್ಲಿ ಅದನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವ ಇದೆ. ಎರಡೂ ಬೆರೆತರೆ ಒಂದೆರಡು ದಿನದಲ್ಲೇ ಅಮೋನಿಯಾ ಏಳುತ್ತದೆ. ಬಿಸಿಲು, ಗಾಳಿ ಹೆಚ್ಚಿದ್ದು ತಿಪ್ಪೆಯೂ ಹರಡಿಕೊಂಡಿದ್ದರೆ ನಷ್ಟ ಇನ್ನೂ ಜಾಸ್ತಿ.

ಅದಕ್ಕೇ ಹಸುಗಳ ಕಾಲಡಿಗೆ ಒಣಗಿದ ಮಾವಿನೆಲೆ, ತಿಂದು ಬಿಟ್ಟ ರಾಗಿ ಹುಲ್ಲು ಹಾಸುತ್ತೇನೆ. ಅದು ಗಂಜಲ ಹೀರುತ್ತದೆ. ಅದರಲ್ಲಿರುವ ಇಂಗಾಲ ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಅಮೋನಿಯಾವನ್ನೂ ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ. ಮೇಲೆ ಒಂದಿಷ್ಟು ಸಿಂಗಲ್ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಉದುರಿಸುತ್ತೇನೆ, ಅದರೊಳಗಿನ ಜಿಪ್ಸಮ್ ಅಮೋನಿಯಾವನ್ನು ಹಿಡಿದಿಡುತ್ತದೆ. ಬೆಳಿಗ್ಗೆ ನೆನೆದ ಹಾಸು, ಸಗಣಿ ಎರಡೂ ಹೊಂಗೆ ನೆರಳಿನ ಮೂರಡಿ ಆಳದ ಗುಂಡಿಗೆ ಹೋಗುತ್ತವೆ.

ಗುಂಡಿಯನ್ನು ಒಂದೇ ಸಲ ಉದ್ದಕ್ಕೂ ತುಂಬಬಾರದು. ಒಂದು ತುದಿಯಿಂದ ಶುರುಮಾಡಿ, ನೆಲದಿಂದ ಒಂದೂವರೆ ಅಡಿ ಮೇಲೆದ್ದ ಮೇಲೆ ಗುಮ್ಮಟದ ಹಾಗೆ ಮಾಡಿ ಸಗಣಿ-ಮಣ್ಣಿನ ರಾಡಿ ಮೆತ್ತಿ, ಆಮೇಲೆ ಪಕ್ಕದ ಭಾಗಕ್ಕೆ ಹೋಗಬೇಕು. ಇದು ಕೃಷಿ ವಿಜ್ಞಾನಿ ಸಿ. ಎನ್. ಆಚಾರ್ಯ ಅವರು ಹೇಳಿಕೊಟ್ಟ ಗುಂಡಿ ಪದ್ಧತಿ. ಮೆತ್ತಿದ ನಾಲ್ಕೈದು ತಿಂಗಳಿಗೆ ಗೊಬ್ಬರ ಸಿದ್ಧ.

ಒಲೆ ಬೂದಿಯ ವಿಷಯಕ್ಕೆ ಮನೆಯಲ್ಲಿ ಮಾತಾಯಿತು. "ಬೂದಿ ತಿಪ್ಪೆಗೆ ಹಾಕದೆ ಇನ್ನೆಲ್ಲಿಗಮ್ಮ ಹಾಕೋದು?" ಎಂದರು ಅತ್ತೆ. ಬೂದಿ ಕ್ಷಾರ, ಅದು ಬಿದ್ದರೆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ ಎಂದು ಹೇಳಿದೆ. ಈಗ ಅವರೇ ತೆಂಗಿನ ಬುಡಕ್ಕೆ ಹಾಕುತ್ತಾರೆ. ಸುಣ್ಣವೂ ತಿಪ್ಪೆಗೆ ಬೇಡ.

ನನ್ನ ಮಟ್ಟಿಗೆ ಕಣ್ಣೆದುರೇ ಆಗುವ ನಷ್ಟ ಹೊಲದಲ್ಲಿನದು. ಏಪ್ರಿಲ್‌ನಲ್ಲೇ ಗೊಬ್ಬರ ಹೊಡೆದು, ಗುಡ್ಡೆಗುಡ್ಡೆಯಾಗಿ ಬಿಟ್ಟು, ಮಳೆಗೆ ಕಾಯುವುದು ನಮ್ಮ ಕಡೆ ರೂಢಿ. ಅಷ್ಟು ದಿನ ಬಿಸಿಲಿಗೆ ಒಣಗಿದ್ದರಲ್ಲಿ ಏನು ಉಳಿದೀತು? ನಾವು ಮಳೆ ಬಿದ್ದ ಮೇಲೆಯೇ ಗುಂಡಿ ತೆಗೆಯುತ್ತೇವೆ. ಹರಡಿದ ದಿನವೇ ಉಳುಮೆ. ಟ್ರ್ಯಾಕ್ಟರ್ ಸಿಗದಿದ್ದರೆ ಗೊಬ್ಬರವೂ ಹೊರಗೆ ಬರುವುದಿಲ್ಲ.

ಕೊಟ್ಟಿಗೆಯಲ್ಲಿ ಕಣ್ಣುರಿ ನಿಂತಿದೆ. ರಾಗಿಗೆ ಮೇಲುಗೊಬ್ಬರವಾಗಿ ಕೊಡುವ ಯೂರಿಯಾ ತಗ್ಗಿಸಿದ್ದೇನೆ.

ಮಳೆಗಾಲಕ್ಕೆ ಮುಂಚೆ ಗುಂಡಿಯ ಸುತ್ತ ಬದು ಹಾಕಿಸಿ. ನೀರು ನುಗ್ಗಿದರೆ ಉಳಿಸಿದ ಸಾರಜನಕ ನೈಟ್ರೇಟ್ ಆಗಿ ಭೂಮಿಗೆ ಬಸಿಯುತ್ತದೆ, ನಾವು ಕುಡಿಯುವ ಬೋರ್‌ವೆಲ್ ನೀರಿಗೂ ಸೇರಬಹುದು.