123456789ನ್ನು ಕೈಯಲ್ಲೇ ಒಡೆದ ಕಥೆ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. "ಮಾವ, 123456789 ಅವಿಭಾಜ್ಯ ಸಂಖ್ಯೆನಾ?" ಅಂತ ಕೇಳಿದಳು. ಅಂಕಿಗಳನ್ನು ಕೂಡಿದರೆ 45, ಅಂದರೆ 9ರಿಂದ ಭಾಗ ಹೋಗುತ್ತದೆ. ಈ ಒಂಬತ್ತು ಅಂಕಿಗಳನ್ನು ಹೇಗೆ ಹಿಂದುಮುಂದು ಮಾಡಿ ಬರೆದರೂ ಅವಿಭಾಜ್ಯ ಸಿಗುವುದಿಲ್ಲ ಎಂದು ಜಂಬದಿಂದಲೇ ಹೇಳಿದೆ. ಭಾಗಿಸಿದಾಗ ಬಂದದ್ದು 13717421. "ಸರಿ, ಇದು?" ಅಂದಳು. ಅಲ್ಲಿ ಸಿಕ್ಕಿಬಿದ್ದೆ. ಮೊಬೈಲು ಮುಟ್ಟುವಂತಿಲ್ಲ ಅಂತ ಬೇರೆ ಶರತ್ತು.

ಎರಡು ಸಂಜೆ 7, 11, 13 ಎಂದು ಒಂದೊಂದಾಗಿ ಭಾಗಿಸುತ್ತಾ ಹೋದೆ. 37ರಿಂದ ಹೋಗೇ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ಆಮೇಲೆ ಹೊಳೆಯಿತು, 37ರಿಂದ ಹೋಗುವುದು ಎಂಟು ಬಿಟ್ಟ 12345679. ನಮ್ಮ 13717421ನ್ನು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು; ಅದು 3703ರ ಆಸುಪಾಸು, ಅಲ್ಲಿಯವರೆಗೆ ಐನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ನೂರು ದಾಟುವಷ್ಟರಲ್ಲೇ ಸಾಕಾಯಿತು.

ಮೂರನೇ ಸಂಜೆ ಫರ್ಮಾ ನೆನಪಾದ. 17ನೇ ಶತಮಾನದ ಫ್ರಾನ್ಸಿನಲ್ಲಿ ಕೋರ್ಟಿನ ಕೆಲಸದ ನಡುವೆ ಗಣಿತ ಮಾಡಿದ ಮನುಷ್ಯ. ಅವನ ಉಪಾಯಕ್ಕೆ ಬೇಕಾದದ್ದು ನಾವು ಹೈಸ್ಕೂಲಿನಲ್ಲಿ ಉರು ಹೊಡೆದ ಎ ವರ್ಗ ಮೈನಸ್ ಬಿ ವರ್ಗ, ಅಷ್ಟೇ. ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಸಂಖ್ಯೆಯ ವರ್ಗ ತೆಗೆದು, ಅದರಿಂದ ನಮ್ಮ ಸಂಖ್ಯೆಯನ್ನು ಕಳೆಯಬೇಕು. ಉಳಿದದ್ದೂ ವರ್ಗವಾದರೆ ಗೆದ್ದಂತೆ: ಎ ಪ್ಲಸ್ ಬಿ, ಎ ಮೈನಸ್ ಬಿ ಇವೆರಡೇ ಅಪವರ್ತನಗಳು.

3704ರ ವರ್ಗ 13719616. ಕಳೆದರೆ 2195. ವರ್ಗವಲ್ಲ. ಮುಂದೆ 3705: ಐದರಲ್ಲಿ ಮುಗಿಯುತ್ತದಲ್ಲ, 370ನ್ನು 371ರಿಂದ ಗುಣಿಸಿ ಪಕ್ಕಕ್ಕೆ 25 ಇಟ್ಟರಾಯಿತು, 13727025. ಕಳೆದೆ. 9604. ಪೆನ್ನು ನಿಂತಿತು. ಅದು 98ರ ವರ್ಗ! 3705ಕ್ಕೆ 98 ಕೂಡಿದರೆ 3803, ಕಳೆದರೆ 3607. ಎರಡು ಸಂಜೆ ಆಗದ್ದು ಎರಡನೇ ಪ್ರಯತ್ನಕ್ಕೇ ಆಯಿತು. ಅದೃಷ್ಟವೂ ಇತ್ತು ಅನ್ನಿ: ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಈ ದಾರಿ ಇಷ್ಟು ಬೇಗ ಮುಟ್ಟಿಸುತ್ತದೆ. ಎರಡೂ ಅವಿಭಾಜ್ಯವೇ ಎಂದು 61ರವರೆಗೆ ಭಾಗಿಸಿ ಖಾತ್ರಿ ಮಾಡಿಕೊಂಡೆ.

ಒಡೆದ ಮೇಲೆ ಜಾತಕ ಬರೆಯುವುದು ಸುಲಭ. 3ರ ವರ್ಗ, 3607, 3803. ಒಟ್ಟು 12 ಭಾಜಕಗಳು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 54966027, ತನ್ನ ಅರ್ಧಕ್ಕೂ ಕಡಿಮೆ. ಈ ಮೊತ್ತ ತನಗಿಂತ ಕಡಿಮೆಯಿದ್ದರೆ ಅದು ನ್ಯೂನ ಸಂಖ್ಯೆ, ಇದೂ ಹಾಗೆಯೇ. ನನಗೆ ಹಿಡಿಸಿದ್ದು ಇನ್ನೊಂದು. 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಎರಡು ವರ್ಗಗಳ ಮೊತ್ತವಾಗಬಹುದು ಎಂಬ ಆಸೆ ಹುಟ್ಟುತ್ತದೆ. ಆದರೆ 3607, 3803 ಎರಡರಲ್ಲೂ ಶೇಷ 3, ಅದೂ ಒಂದೊಂದೇ ಸಲ ಬಂದಿವೆ. ಶೇಷ 3 ಬರುವ ಅವಿಭಾಜ್ಯ ಅಪವರ್ತನ ಬೆಸ ಸಲ ಬಂದರೆ ಸಂಖ್ಯೆ ಎರಡು ವರ್ಗಗಳ ಮೊತ್ತವಾಗದು. ಹಾಗಾಗಿ ಸಾಧ್ಯವೇ ಇಲ್ಲ. ಹೊರಗೆ ಸಾಧು, ಒಳಗೆ ಬೇರೆಯೇ!

ಹುಡುಗಿ ಸುಮ್ಮನಾಗಲಿಲ್ಲ. 987654321 ಬರೆದು ನೋಟ್‌ಬುಕ್ಕು ನನ್ನತ್ತ ತಳ್ಳಿದಳು. 9 ಹೋಯಿತು, 17 ಎರಡು ಸಲ ಹೋಯಿತು, ಉಳಿದದ್ದು 379721. ಅದನ್ನು 616ರವರೆಗೆ ಪರೀಕ್ಷಿಸಬೇಕು. ನಾನಿನ್ನೂ 211ರಲ್ಲಿದ್ದೇನೆ.