ಹಳೇ ಅಮೆರಿಕನ್ ಪಿಕಪ್ ಕೊಳ್ಳುವಾಗ ಮೊದಲು ತಳ ನೋಡಿ

ಹಳೇ ಪಿಕಪ್ ತಗೊಳ್ಳಬೇಕು ಅಂತಿರುವ ಕ್ಯಾಲಿಫೋರ್ನಿಯಾದ ಕನ್ನಡದ ಗೆಳೆಯರು ಆಗಾಗ ನನಗೆ ಫೋಟೋ ಕಳಿಸುತ್ತಾರೆ. ಫಳಫಳ ಹೊಳೆಯುವ ಪೇಂಟ್, ಕ್ರೋಮ್ ಬಂಪರ್, ತೊಳೆದು ಒರೆಸಿಟ್ಟ ಎಂಜಿನ್. "ಹೇಗಿದೆ, ತಗೊಳ್ಳಬಹುದಾ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಗಾಡಿಯ ಕೆಳಗೆ ಮಲಗಿ ತೆಗೆದ ಫೋಟೋ ಇದೆಯಾ?

ಅರವತ್ತರ ದಶಕದ ಗಾಡಿಯ ಎಂಜಿನ್ ಕೈಕೊಟ್ಟರೆ ರಿಪೇರಿ ಮಾಡಿಸಬಹುದು. ಆಗದಿದ್ದರೆ ಬೇರೆಯದನ್ನೇ ಕೂರಿಸಬಹುದು. ತಗಡು ತುಕ್ಕು ಹಿಡಿದು ಉದುರುತ್ತಿದ್ದರೆ ಹಾಗಲ್ಲ. ಅದನ್ನು ಕತ್ತರಿಸಿ, ಹೊಸದು ಬೆಸೆದು, ಸಮ ಮಾಡುವ ಕೂಲಿಯೇ ಎಷ್ಟೋ ಸಲ ಗಾಡಿಯ ಬೆಲೆಯನ್ನು ಮೀರುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಾನು 1966ರ ಫೋರ್ಡ್ ಎಫ್-100 ಕೊಂಡದ್ದು ಈ ಲೆಕ್ಕ ಇಟ್ಟುಕೊಂಡೇ.

ಯಾವ ಗಾಡಿ ಬೇಕು ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಶೆವ್ರೊಲೆ ಸಿ10ಗೆ ಬೇಡಿಕೆ ಜಾಸ್ತಿ, ಬಿಡಿಭಾಗಗಳೂ ಧಾರಾಳ, ಬೆಲೆಯೂ ಹಾಗೇ ಏರಿದೆ. ಡಾಡ್ಜ್ ಡಿ100 ಗಟ್ಟಿ ಗಾಡಿ, ಆದರೆ ಅದರ ಬಾಡಿಯ ತಗಡುಗಳನ್ನು ಹುಡುಕುವುದು ಕಷ್ಟ. ಫೋರ್ಡ್‌ನಲ್ಲಿ 1961ರಿಂದ 66ರವರೆಗಿನದು ಒಂದೇ ತಲೆಮಾರು. ಆದರೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಇದೆ. ಮೊದಲ ವರ್ಷಗಳಲ್ಲಿ ಕ್ಯಾಬಿನ್ನನ್ನೂ ಸಾಮಾನು ಹೇರುವ ಹಿಂದಿನ ಬೆಡ್ಡನ್ನೂ ಸೇರಿಸಿ ಒಂದೇ ಬಾಡಿಯಾಗಿ ಬೆಸೆದ ಮಾಡೆಲ್ ತಂದರು. ಜಾಸ್ತಿ ಭಾರ ಹಾಕಿದರೆ ಬಾಗಿಲು ಬಿಗಿದುಕೊಳ್ಳುತ್ತದೆ ಅಂತ ಅದಕ್ಕೆ ಕೆಟ್ಟ ಹೆಸರು ಬಂತು. 1963ರ ನಂತರ ಅದು ನಿಂತೇಹೋಯಿತು. 1965ರಲ್ಲಿ ಮುಂದಿನ ಆಕ್ಸಲ್ ಬದಲಾಗಿ ಟ್ವಿನ್ ಐ-ಬೀಮ್ ಬಂತು. ಎಡ ಬಲದ ಚಕ್ರಗಳಿಗೆ ಬೇರೆ ಬೇರೆ ಬೀಮ್, ಕಾಯಿಲ್ ಸ್ಪ್ರಿಂಗ್. ಅದೇ ವರ್ಷ 240 ಮತ್ತು 300 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್‌ಗಳೂ ಬಂದವು. ಹಾಗಾಗಿ ನಾನು 65 ಮತ್ತು 66 ಬಿಟ್ಟು ಬೇರೆ ನೋಡಲೇ ಇಲ್ಲ.

ಇನ್ನೊಂದು ವಿಷಯ. ಎಲ್ಲರಿಗೂ ಆರೂವರೆ ಅಡಿಯ ಚಿಕ್ಕ ಬೆಡ್ಡೇ ಬೇಕು, ನೋಡಲು ಅಂದ ಅಂತ. ಎಂಟು ಅಡಿಯದಕ್ಕೆ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಪ್ಲೈವುಡ್ ಹಲಗೆ ಪೂರ್ತಿ ಮಲಗುವುದು ಎಂಟು ಅಡಿಯದರಲ್ಲೇ. ಪಿಕಪ್ ಇರುವುದೇ ಸಾಮಾನು ಹೇರಲು, ಅಲ್ವಾ? ನಾನು ಉದ್ದದ್ದನ್ನೇ ತಗೊಂಡೆ.

ಎಲ್ಲಿ ಹುಡುಕುತ್ತೀರಿ ಅನ್ನುವುದೂ ಮುಖ್ಯ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಾಸಿಸ್‌ನ ಸಂದುಗಳಲ್ಲಿ ಕೂತು ಒಳಗಿಂದಲೇ ತಿನ್ನುತ್ತದೆ. ಇಲ್ಲಿ ಪೆಸಿಫಿಕ್ ಕಡಲ ದಂಡೆಯ ಊರುಗಳ ಗಾಡಿಗಳಿಗೂ ಉಪ್ಪುಗಾಳಿ ತಗುಲಿರುತ್ತದೆ. ಆದ್ದರಿಂದ ನಾನು ಬೆಟ್ಟಸಾಲಿನ ಆಚೆ, ಒಣ ಹವೆಯ ಸೆಂಟ್ರಲ್ ವ್ಯಾಲಿ ಕಡೆ ಹುಡುಕಿದೆ. ಮೊಡೆಸ್ಟೊ, ಮರ್ಸೆಡ್ ಸುತ್ತ ಬಾದಾಮಿ ತೋಟಗಳಲ್ಲಿ ದುಡಿದ ಗಾಡಿಗಳು ಇನ್ನೂ ಸಿಗುತ್ತವೆ. ಬಿಸಿಲಿಗೆ ಪೇಂಟ್ ಸುಟ್ಟಿರುತ್ತದೆ, ಸೀಟು ಹರಿದಿರುತ್ತದೆ, ತಗಡು ಮಾತ್ರ ಗಟ್ಟಿ ಇರುತ್ತದೆ. ನನಗೆ ಸಿಕ್ಕಿದ್ದು ಮರ್ಸೆಡ್ ಹತ್ತಿರದ ಒಬ್ಬ ತೋಟದ ಯಜಮಾನರ ಹತ್ತಿರ. ಅವರ ತಂದೆ ಹೊಸದಾಗಿ ಕೊಂಡಿದ್ದ ಗಾಡಿ.

ನೋಡಲು ಹೋಗುವಾಗ ಕೆಳಗೆ ಹಾಸಲು ಒಂದು ಮ್ಯಾಟ್, ಹಣೆಗೆ ಕಟ್ಟುವ ಟಾರ್ಚ್, ಒಂದು ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಆಯಸ್ಕಾಂತ, ಒಂದು ಬಾಟಲಿ ನೀರು ಇಟ್ಟುಕೊಂಡಿದ್ದೆ. ನೀರು ಕುಡಿಯಲು ಅಲ್ಲ. ಈ ಫೋರ್ಡ್‌ಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರಲು ಕಿಂಡಿಗಳಿವೆ. ಅದರೊಳಗೆ ಎಲೆ, ಧೂಳು ಸೇರಿ ಕೊಳೆತು ತಗಡು ತೂತಾಗುತ್ತದೆ. ಮಳೆ ನೀರು ಅಲ್ಲಿಂದ ನೇರ ಕ್ಯಾಬಿನ್‌ಗೆ ಇಳಿಯುತ್ತದೆ. ಯಜಮಾನರನ್ನು ಕೇಳಿ ಆ ಕಿಂಡಿಗೆ ನಿಧಾನವಾಗಿ ನೀರು ಸುರಿದೆ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆ ಒಣಗಿತ್ತು. ಎಡಗಡೆ ಪೆಡಲ್‌ಗಳ ಹಿಂದೆ ಒಂದು ತೆಳ್ಳನೆ ನೀರಿನ ಗೆರೆ ಇಳಿಯಿತು. ಕ್ಯಾಬಿನ್ನಿನ ಮ್ಯಾಟ್ ಎತ್ತಿದರೆ ಅದೇ ಜಾಗದಲ್ಲಿ ನೆಲಕ್ಕೆ ಯಾರೋ ತಗಡು ಹೊದಿಸಿ ರಿವೆಟ್ ಹೊಡೆದಿದ್ದರು. ಸ್ಕ್ರೂಡ್ರೈವರ್‌ನಿಂದ ಸುತ್ತ ಒತ್ತುತ್ತಾ ಹೋದೆ. ತೇಪೆಯ ಅಂಚಿನಲ್ಲಿ ತಗಡು ಮೆತ್ತಗಿತ್ತು. ಒಂದು ಗೇಣು ದಾಟಿದ ಮೇಲೆ ಗಟ್ಟಿ ಕಬ್ಬಿಣ. ಇಷ್ಟಾದರೆ ಒಂದು ಕಡೆಯ ನೆಲ ಮಾತ್ರ ಬದಲಿಸಬೇಕು, ತೊಂದರೆ ಇಲ್ಲ.

ಆಮೇಲೆ ಆಯಸ್ಕಾಂತದ ಕೆಲಸ. ಬಾಗಿಲ ಹಿಂದೆ, ಕ್ಯಾಬಿನ್ನಿನ ಕೆಳಮೂಲೆಗಳಲ್ಲಿ ತುಕ್ಕು ಮೊದಲು ಬರುತ್ತದೆ. ಅಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಆಯಸ್ಕಾಂತ ಮಾತ್ರ ಹಿಡಿಯದೆ ಜಾರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಚಕ್ರದ ಕಮಾನು, ಮಳೆನೀರು ಹರಿಯುವ ಮೇಲಿನ ಅಂಚು, ಎಲ್ಲಾ ಕಡೆ ಹಿಡಿದು ನೋಡಿ. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ. ಲೊಡ್ಡೆಂದರೆ ಹಿಂಜ್ ಸವೆದಿದೆ. ಕೆಳಗೆ ಮಲಗಿ ಕ್ಯಾಬಿನ್ ಚಾಸಿಸ್ ಮೇಲೆ ಕೂರುವ ಬ್ರಾಕೆಟ್‌ಗಳನ್ನು ನೋಡಿ. ಸ್ಟೇರಿಂಗ್ ಬಾಕ್ಸ್ ಕೂತಿರುವ ಕಡೆ ಮತ್ತು ಐ-ಬೀಮ್ ತೂಗುವ ಕಡೆ ಬಿರುಕು, ಹಳೇ ವೆಲ್ಡಿಂಗ್ ಇದೆಯಾ ಅಂತ ಹುಡುಕಿ. ಚಾಸಿಸ್ ಬಗ್ಗಿದ್ದರೆ ಅಲ್ಲಿಂದಲೇ ಕೈಮುಗಿದು ವಾಪಸ್ ಬನ್ನಿ, ಬೆಲೆ ಎಷ್ಟೇ ಇಳಿಸಲಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಲ್ಲೇ ಕೇಳಿಕೊಂಡಿದ್ದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಗಾಡಿ ಸುಳ್ಳು ಹೇಳುವುದಿಲ್ಲ. ಚೋಕ್ ಎಳೆದು ಹಚ್ಚಿದಾಗ ಒಂದಿಷ್ಟು ನೀಲಿ ಹೊಗೆ ಬಂದು ನಿಂತಿತು. ಅದು ವಾಲ್ವ್ ಸೀಲ್ ಹಳೆಯದಾದ ಗುರುತು. ಹೊಗೆ ನಿಲ್ಲದೆ ಬರುತ್ತಿದ್ದರೆ, ಆಯಿಲ್ ಕ್ಯಾಪಿನೊಳಗೆ ಹಾಲಿನ ಬಣ್ಣದ ನೊರೆ ಇದ್ದರೆ ಎಂಜಿನ್ ಬಿಚ್ಚುವ ಖರ್ಚನ್ನು ಸೇರಿಸಿಕೊಂಡೇ ಬೆಲೆ ಮಾತಾಡಿ. ನನ್ನದು 300ರ ಎಂಜಿನ್, ಅಂದರೆ 4.9 ಲೀಟರ್. ಗಟ್ಟಿ ಎಂಜಿನ್ ಇದು: ವಾಲ್ವ್ ಆಡಿಸಲು ಸವೆಯುವ ಟೈಮಿಂಗ್ ಚೈನ್ ಇಲ್ಲ, ಗೇರ್ ಇದೆ. ಕ್ರ್ಯಾಂಕ್ ಶಾಫ್ಟ್ ಹೊರಲು ಏಳು ಮೇನ್ ಬೇರಿಂಗ್. ಫೋರ್ಡ್ ಇದನ್ನು 1996ರವರೆಗೂ ಪಿಕಪ್‌ಗಳಿಗೆ ಹಾಕಿತು. ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಓಡಿಸುವಾಗ ನನಗೆ ಮನಸ್ಸು ತುಂಬಿ ಬಂತು. ಗೇರ್ ಸ್ಟೇರಿಂಗಿನ ಪಕ್ಕದಲ್ಲಿ, ಮೂರೇ ಗೇರ್. ಹ್ಯಾಂಡ್ ಗೇರ್ ಅಂಬಾಸಿಡರ್ ಓಡಿಸಿದ ಕೈಗೆ ಇದು ಹೊಸದಲ್ಲ, ತನ್ನಷ್ಟಕ್ಕೆ ಹೋಗುತ್ತದೆ. ಆದರೆ ಖುಷಿಯಲ್ಲಿ ಮರೆಯಬಾರದ ಎರಡು ಪರೀಕ್ಷೆ ಇವೆ. ಒಂದು, ಮುಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಕಿಂಗ್‌ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಇಲ್ಲವೇ ಚಕ್ರದ ಬೇರಿಂಗ್ ಹೋಗಿದೆ. ಎರಡು, ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಾಗೇ ಹಿಡಿದುಕೊಂಡಿರಿ. ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ, ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ. 1966ರ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಲೈನ್. ಎಲ್ಲೋ ಒಂದು ಹೋಸ್ ಒಡೆದರೆ ಬ್ರೇಕೇ ಇಲ್ಲ. ಮುಂದೆ ಹಿಂದೆ ಬೇರೆ ಬೇರೆ ಲೈನ್ ಇರುವ ವ್ಯವಸ್ಥೆ ಬಂದದ್ದು 1967ರ ಮಾಡೆಲ್‌ಗಳಿಗೆ. ಇದನ್ನು ತಿಳಿದುಕೊಳ್ಳದೆ ಮಕ್ಕಳನ್ನು ಕೂರಿಸಿಕೊಂಡು ಫ್ರೀವೇಗೆ ಹೋಗುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಕಾಗದಪತ್ರಕ್ಕೆ ಬರೋಣ. ಗ್ಲವ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ತಗಡಿನ ಪ್ಲೇಟ್ ಇರುತ್ತದೆ, ಅದರಲ್ಲಿ ಗಾಡಿಯ ನಂಬರ್. ಅದೇ ನಂಬರನ್ನು ಬಲಗಡೆಯ ಚಾಸಿಸ್ ರೈಲಿನ ಮೇಲೂ ಕೊರೆದಿರುತ್ತಾರೆ. ಗ್ರೀಸ್ ಒರೆಸಿ, ವೈರ್ ಬ್ರಷ್ ಹಾಕಿ ಓದಿ. ಈ ಎರಡೂ ನಂಬರ್ ಟೈಟಲ್, ಅಂದರೆ ಗಾಡಿಯ ಮಾಲೀಕತ್ವದ ಪತ್ರದ ನಂಬರಿಗೆ ತಾಳೆ ಆಗಲೇಬೇಕು. ನನ್ನ ಗಾಡಿಯದು ಎಫ್10ಬಿಆರ್ ಅಂತ ಶುರುವಾಗುತ್ತದೆ. ಎಫ್10 ಅಂದರೆ ಟೂ-ವೀಲ್ ಡ್ರೈವ್ ಎಫ್-100. ಬಿ ಅಂದರೆ 300ರ ಎಂಜಿನ್. ಆರ್ ಅಂದರೆ ಫೋರ್ಡ್‌ನ ಸ್ಯಾನ್ ಹೋಸೆ ಕಾರ್ಖಾನೆ. ಆ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಸ್‌ನಲ್ಲಿ. 1955ರಿಂದ 1983ರವರೆಗೆ ಅಲ್ಲಿ ಗಾಡಿ ಕಟ್ಟಿದರು, 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ನಾವು ಇಲ್ಲಿನ ಕನ್ನಡದವರು ಬಟ್ಟೆ, ಚಪ್ಪಲಿ ತರಲು ಹೋಗುವ ಮಾಲ್! ನನ್ನ ಗಾಡಿ ಹುಟ್ಟಿದ ಜಾಗದಲ್ಲೇ ನಾನು ಎಷ್ಟೋ ಸಲ ಸುಮ್ನೆ ಅಡ್ಡಾಡಿದ್ದೇನೆ ಅಂತ ತಿಳಿದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಗಾಡಿಯ ಮೇಲೆ ಹಳೇ ಕಪ್ಪು ನಂಬರ್ ಪ್ಲೇಟ್, ಅದರಲ್ಲಿ ಹಳದಿ ಅಕ್ಷರ ಇದ್ದರೆ ಒಳ್ಳೆಯ ಸೂಚನೆ. ಅರವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾ ಕೊಡುತ್ತಿದ್ದದ್ದು ಅದು. ಆದರೆ ಅದೇ ಬಣ್ಣದ ಪ್ಲೇಟನ್ನು ಈಗ ಹೊಸದಾಗಿಯೂ ಕೊಡುತ್ತಾರೆ, ಹಳೆಯದೇ ಹೌದಾ ಅಂತ ನೋಡಿಕೊಳ್ಳಿ. ಟೈಟಲ್‌ನಲ್ಲಿರುವ ಹೆಸರು, ಮಾರುವವರ ಲೈಸೆನ್ಸಿನ ಹೆಸರು ಒಂದೇ ಇರಬೇಕು. ತೀರಿಹೋದವರ ಹೆಸರಲ್ಲೇ ಟೈಟಲ್ ಉಳಿದಿದ್ದರೆ ಮೊದಲು ಮನೆಯವರು ಅದನ್ನು ಸರಿಮಾಡಿಕೊಳ್ಳಲಿ, ಆಮೇಲೆ ದುಡ್ಡು ಕೊಡಿ. ಕೊಂಡವರು 10 ದಿನದೊಳಗೆ ಹೆಸರು ಬದಲಾವಣೆಗೆ ಕೊಡಬೇಕು, ಮಾರಿದವರು 5 ದಿನದೊಳಗೆ ಇಲ್ಲಿನ ಸಾರಿಗೆ ಇಲಾಖೆಗೆ ತಿಳಿಸಬೇಕು. 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಇಲ್ಲ, ಅದೊಂದು ನಿರಾಳ. ಪಿಕಪ್‌ಗೆ ಇಲ್ಲಿ ಕಮರ್ಷಿಯಲ್ ರಿಜಿಸ್ಟ್ರೇಷನ್, ತೂಕದ ಫೀಸೂ ಸೇರುತ್ತದೆ.

ಚೌಕಾಸಿಯಲ್ಲಿ ನಾನು ಗಾಡಿಯನ್ನು ಹಳಿಯಲಿಲ್ಲ. ಅವರ ತಂದೆಯ ಗಾಡಿ ಅದು. ನೆಲದ ತೇಪೆ, ಸೋರುವ ಕಿಂಡಿ, ಗಟ್ಟಿಯಾಗಿ ಒಣಗಿದ ಟೈರ್, ರೇಡಿಯೇಟರ್, ಇವಕ್ಕೆ ಎಷ್ಟು ಬೀಳುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಯಜಮಾನರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಒಂದು ಸಾಲನ್ನು ಬೆರಳಲ್ಲಿ ತೋರಿಸಿ, "ಇದಕ್ಕೆ ಇಷ್ಟಾಗುವುದಿಲ್ಲ, ನನ್ನ ಹತ್ತಿರ ಒಂದು ಎತ್ತಿಟ್ಟಿದೆ" ಅಂತ ಶೆಡ್ಡಿನಿಂದ ಹಳೇ ಮೂಲ ರೇಡಿಯೇಟರನ್ನೇ ತಂದುಕೊಟ್ಟರು. ಉಳಿದದ್ದನ್ನು ಬೆಲೆಯಲ್ಲಿ ಇಳಿಸಿದರು.

ಗಾಡಿಯನ್ನು ಓಡಿಸಿಕೊಂಡು ತರಲಿಲ್ಲ, ಟ್ರೇಲರ್ ಮೇಲೆ ತಂದೆ. ಆ ಟೈರ್, ಆ ಬ್ರೇಕ್ ನಂಬಿ ಬೆಟ್ಟದ ಘಾಟಿ ಇಳಿಯುವುದು ಬೇಡ. ಮನೆಗೆ ಬಂದ ಮೇಲೆ ಮೊದಲು ಮಾಡಿದ್ದು ಬ್ರೇಕ್: ಮುಂದೆ ಹಿಂದೆ ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರ್, ಹೊಸ ಹೋಸ್‌ಗಳು, ನಾಲ್ಕೂ ವೀಲ್ ಸಿಲಿಂಡರ್. ಎರಡನೆಯದು ಪೆಟ್ರೋಲ್ ಲೈನ್. ಈ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ. ತುಂಬುವ ಬಾಯಿಯ ರಬ್ಬರ್ ಹೋಸ್ ಹಳತಾಗಿ ಬಿರಿದರೆ ವಾಸನೆ ಮೂಗಿಗೆ ಬಡಿಯುತ್ತದೆ. ಗಾಡಿ ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಅದನ್ನು ಬದಲಿಸಿಯೇ ಬಿಡಿ. ಮೂರನೆಯದು ಭುಜದ ಸೀಟ್ ಬೆಲ್ಟ್. ಎಡಗಡೆಯ ನೆಲದ ತಗಡು ತರಿಸಿಟ್ಟಿದ್ದೇನೆ, ಮಳೆಗಾಲ ಶುರುವಾಗುವ ಮುಂಚೆ ವೆಲ್ಡಿಂಗ್ ಮಾಡಿಸಬೇಕು. ಪೇಂಟ್ ಹಾಗೇ ಇರಲಿ.